ಮೊದಲ ಗ್ರಹದ ಚೆಲುವನ್ನು ನಂಬಿ ಹಣ ಕೊಡಬೇಡಿ

ಅನ್ಯಗ್ರಹಗಳಲ್ಲಿ ಅಲೆದಾಡುವ ಒಂದು ಇಂಡಿ ಗೇಮ್‌ಗಾಗಿ (ಸಣ್ಣ ತಂಡ ಸ್ವತಂತ್ರವಾಗಿ ತಯಾರಿಸುವ ಕಂಪ್ಯೂಟರ್ ಗೇಮ್) ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಿಂದ 2,148 ರೂಪಾಯಿ ಹೋಯಿತು. ಇದರಲ್ಲಿ 649 ರೂಪಾಯಿ, ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿಕೊಂಡು ತುಮಕೂರಿನ ನಮ್ಮ ಮನೆಗೆ ಬಂದಿದ್ದ ಅಣ್ಣನ ಮಗ, ಹಬ್ಬಗಳಲ್ಲಿ ಹಿರಿಯರು ಕೈಗಿಟ್ಟದ್ದನ್ನು ಕೂಡಿಟ್ಟು ತಂದಿದ್ದ ಹಣ. ಉಳಿದದ್ದು ನನ್ನದು. ಗೇಮಿನ ಹೆಸರನ್ನಾಗಲಿ ತಯಾರಿಸಿದವರ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಇದೇ ಬಗೆಯ ಗೇಮ್‌ಗಳು ಇನ್ನೂ ಬರುತ್ತಲೇ ಇರುವುದರಿಂದ, ನಾವು ಯಾವ ಗಳಿಗೆಯಲ್ಲಿ ಎಡವಿದೆವು ಎಂಬುದನ್ನು ತಿಳಿಸಿದರೆ ಓದುವವರಿಗೆ ಹೆಚ್ಚು ಉಪಯೋಗವಾದೀತು.

ಟ್ರೈಲರ್‌ನಲ್ಲಿ ಎರಡು ಸೂರ್ಯರಿದ್ದ ಆಕಾಶ, ಹೊಳೆಯುವ ಹುಲ್ಲು, ಮೋಡಗಳ ನಡುವೆ ತೇಲುವ ದೈತ್ಯ ಪ್ರಾಣಿಗಳು ಎಲ್ಲವೂ ಇದ್ದವು. ಕೊಂಡು ತೆರೆದಾಗ ಮೊದಲ ಗ್ರಹವೂ ಹಾಗೆಯೇ ಇತ್ತು. ನೌಕೆ ಕೆಟ್ಟು ಬಿದ್ದಿರುತ್ತದೆ. ಲೋಹ ಅಗೆದು, ಹರಳು ಕೂಡಿಸಿ, ಇಂಧನ ತಯಾರಿಸಿ ಅದನ್ನು ರಿಪೇರಿ ಮಾಡಬೇಕು. ದೂರದಲ್ಲಿ ನೆಲದಿಂದ ನೇರವಾಗಿ ಎದ್ದು ನಿಂತ ಒಂದೇ ಬಂಡೆಯ ಬೆಟ್ಟವಿತ್ತು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಊರ ಹೊರಗಿನಿಂದ ನೋಡಿದವರಿಗೆ ಆ ನೋಟ ಎಷ್ಟು ಹತ್ತಿರದ್ದೆನಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಎಡ ಮಗ್ಗುಲಲ್ಲಿ ಮೇಲಿನಿಂದ ಕೆಳಕ್ಕೆ ಇಳಿದು, ನಡುವಿನಲ್ಲಿ ಕವಲೊಡೆದ ಒಂದು ಬಿರುಕಿತ್ತು. ಹುಡುಗ ಒಂದು ನೋಟ್‌ಬುಕ್ ತೆಗೆದು ಆ ಬೆಟ್ಟವನ್ನು ಬಿರುಕಿನ ಸಮೇತ ಬರೆದುಕೊಂಡ. ಮೊದಲ ಗ್ರಹಕ್ಕೆ ಪೂರ್ತಿ ಎರಡು ಪುಟ ಹಿಡಿಯಿತು.

ಇಂಧನ ಸಾಕಾಗಿ ನೌಕೆ ನೆಲ ಬಿಟ್ಟು ಏಳುವ ಹೊತ್ತಿಗೆ ಎರಡು ಗಂಟೆ ಇಪ್ಪತ್ತು ನಿಮಿಷ ಕಳೆದಿತ್ತು. ಎರಡನೆಯ ಗ್ರಹದಲ್ಲಿ ಇಳಿದೆವು. ಆಕಾಶ ನೇರಳೆ, ಹುಲ್ಲು ಕೆಂಪು. ಎದುರಿಗೆ ಅದೇ ಬೆಟ್ಟ. "ಚಿಕ್ಕಪ್ಪ, ಬಿರುಕು ನೋಡಿ" ಎಂದ ಹುಡುಗ. ಎಡ ಮಗ್ಗುಲಲ್ಲಿ ಅದೇ ಬಿರುಕು, ಅದೇ ಜಾಗದಲ್ಲಿ ಅದೇ ಕವಲು. ಮೂರನೆಯ ಗ್ರಹ ಹಿಮದ್ದು. ಅಲ್ಲಿಯೂ ಬೆಟ್ಟ ಅದೇ, ಅದರ ಮೇಲೆ ಬಿಳಿ ಹಚ್ಚಿದ್ದರು ಅಷ್ಟೇ. ಪ್ರಾಣಿಗಳು ನಾಲ್ಕೇ ಬಗೆಯವು. ಗ್ರಹದಿಂದ ಗ್ರಹಕ್ಕೆ ಅವುಗಳ ಗಾತ್ರವೂ ಬಣ್ಣವೂ ಬದಲಾಗುತ್ತಿದ್ದವು. ನೋಟ್‌ಬುಕ್ಕಿನಲ್ಲಿ ಎರಡನೆಯ ಗ್ರಹಕ್ಕೆ ಅರ್ಧ ಪುಟ, ಮೂರನೆಯದಕ್ಕೆ ಎರಡು ಸಾಲು, ನಾಲ್ಕನೆಯದರ ಮುಂದೆ "ಮೇಲಿನಂತೆ" ಎಂಬ ಒಂದೇ ಪದವಿದೆ.

ಹೀಗಾಗುವುದಕ್ಕೆ ಕಾರಣವಿದೆ. ಇಂಥ ಗೇಮ್‌ಗಳಲ್ಲಿ ಗ್ರಹಗಳನ್ನು ಯಾರೂ ಒಂದೊಂದಾಗಿ ಕೂತು ರಚಿಸುವುದಿಲ್ಲ. ಒಂದು ಮೂಲ ಸಂಖ್ಯೆಯನ್ನು ಸೂತ್ರಕ್ಕೆ ಕೊಟ್ಟರೆ ಕಂಪ್ಯೂಟರ್ ನೆಲದ ಏರಿಳಿತ, ಆಕಾಶದ ಬಣ್ಣ, ಗಿಡಗಳ ಜಾಗ ಎಲ್ಲವನ್ನೂ ಲೆಕ್ಕಹಾಕಿ ಕಟ್ಟುತ್ತದೆ. 1984ರಲ್ಲಿ ಬಂದ ಎಲೀಟ್ ಎಂಬ ಗೇಮ್, 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಇದೇ ಉಪಾಯದಿಂದ ಎಂಟು ಗ್ಯಾಲಕ್ಸಿಗಳನ್ನು, ಒಂದೊಂದರಲ್ಲಿ 256 ಗ್ರಹಗಳಂತೆ, ಇರಿಸಿತ್ತು. 2016ರ ಆಗಸ್ಟ್‌ನಲ್ಲಿ ಬಂದ ನೋ ಮ್ಯಾನ್ಸ್ ಸ್ಕೈನಲ್ಲಿ ಗ್ರಹಗಳ ಸಂಖ್ಯೆ 18ರ ಮುಂದೆ 18 ಸೊನ್ನೆ ಇಟ್ಟದ್ದಕ್ಕಿಂತ ಹೆಚ್ಚು. ಸೆಕೆಂಡಿಗೊಂದರಂತೆ ನೋಡುತ್ತಾ ಹೋದರೂ ಸುಮಾರು 58,500 ಕೋಟಿ ವರ್ಷ ಬೇಕು. ಹಾಗಾಗಿ "ಲಕ್ಷಾಂತರ ಗ್ರಹಗಳು" ಎಂಬ ಜಾಹೀರಾತು ಸುಳ್ಳಾಗಿರಬೇಕಿಲ್ಲ, ಆದರೆ ಅದಕ್ಕೆ ಬೆಲೆಯೂ ಇಲ್ಲ. ಸೂತ್ರಕ್ಕೆ ಒದಗಿಸಲು ಕೈಯಿಂದ ಮಾಡಿಟ್ಟ ಬಂಡೆಗಳೆಷ್ಟು, ಮರಗಳೆಷ್ಟು, ಪ್ರಾಣಿಗಳ ಅಂಗಾಂಗಗಳೆಷ್ಟು ಎಂಬುದರ ಮೇಲೆ ವೈವಿಧ್ಯ ನಿಂತಿರುತ್ತದೆ. ಆ ಸಾಮಗ್ರಿ ಕಡಿಮೆಯಿದ್ದರೆ ಎಷ್ಟು ಗ್ರಹ ಸುತ್ತಿದರೂ, ಒಂದೇ ಚುಕ್ಕಿ ರಂಗೋಲಿಗೆ ದಿನಕ್ಕೊಂದು ಬಣ್ಣ ತುಂಬಿದ ಹಾಗಾಗುತ್ತದೆ.

ಈಗ ಹಣದ ವಿಷಯ. ಗೇಮನ್ನು ನಾವು ಸ್ಟೀಮ್ ಎಂಬ ಆನ್‌ಲೈನ್ ಮಾರಾಟದ ತಾಣದಲ್ಲಿ ಕೊಂಡಿದ್ದೆವು. ಕೊಂಡ 14 ದಿನಗಳ ಒಳಗೆ, ಆಡಿದ ಸಮಯ ಎರಡು ಗಂಟೆಗಿಂತ ಕಡಿಮೆಯಿದ್ದರೆ ರೀಫಂಡ್ ಸಿಗುತ್ತದೆ ಎಂಬುದು ಅಲ್ಲಿನ ನಿಯಮ. ನಾನು ಮೂರನೆಯ ದಿನವೇ ಅರ್ಜಿ ಹಾಕಿದರೂ ನಮ್ಮ ಲೆಕ್ಕದಲ್ಲಿ ನಾಲ್ಕು ಗಂಟೆ ದಾಟಿತ್ತು. ಊಟಕ್ಕೆ ಎದ್ದಾಗ ಗೇಮನ್ನು ತೆರೆದೇ ಬಿಟ್ಟಿದ್ದ ಮುಕ್ಕಾಲು ಗಂಟೆಯೂ ಅದರಲ್ಲಿ ಸೇರಿತ್ತು. ಅರ್ಜಿ ತಿರಸ್ಕೃತವಾಯಿತು. ಮಾರಾಟದ ತಾಣವನ್ನು ನಾನು ದೂರುವುದಿಲ್ಲ, ನಿಯಮವನ್ನು ಅವರು ಮೊದಲೇ ಬರೆದಿಟ್ಟಿದ್ದಾರೆ. ನನ್ನ ಸಿಟ್ಟು ಗೇಮ್ ತಯಾರಿಸಿದವರ ಮೇಲೆ. ಎರಡನೆಯ ಗ್ರಹವನ್ನು ಎರಡು ಗಂಟೆಯೊಳಗೆ ಯಾರೂ ಕಾಣದ ಹಾಗೆ ಇಂಧನದ ಕೆಲಸವನ್ನು ಬೇಕೆಂದೇ ಅಷ್ಟು ಹಿಗ್ಗಿಸಿದರೋ, ಅದು ತಾನಾಗಿ ಹಾಗಾಯಿತೋ, ನಾನು ಪ್ರಮಾಣ ಮಾಡಿ ಹೇಳಲಾರೆ; ಕೊಂಡವರಿಗೆ ಆದ ನಷ್ಟ ಎರಡರಲ್ಲೂ ಒಂದೇ.

ಉಳಿದ 1,499 ರೂಪಾಯಿಯ ತಪ್ಪು ನನ್ನದೇ. ಆ ಗೇಮ್ ಅರ್ಲಿ ಆಕ್ಸೆಸ್‌ನಲ್ಲಿತ್ತು, ಅಂದರೆ ಇನ್ನೂ ಪೂರ್ಣಗೊಳ್ಳದೆ ಮಾರಾಟಕ್ಕೆ ಬಂದದ್ದು. ಹೊಸ ಗ್ರಹಗಳು, ಗುಹೆಗಳು, ಸಮುದ್ರದೊಳಗಿನ ಲೋಕ ಎಲ್ಲವೂ ಮುಂದೆ ಬರಲಿವೆ ಎಂದು ತಯಾರಕರು ಮುಂದಿನ ಕೆಲಸಗಳ ಒಂದು ಪಟ್ಟಿ ಹಾಕಿದ್ದರು. ಬೇಗ ಮುಗಿಸಲು ನೆರವಾಗಲೆಂದು ತಮ್ಮ ಸ್ವಂತ ಪುಟದಲ್ಲಿ ಸಪೋರ್ಟರ್ ಪ್ಯಾಕ್ ಮಾರುತ್ತಿದ್ದರು. ಹುಡುಗನ ಮುಖ ಬಾಡಿದ್ದನ್ನು ನೋಡಲಾರದೆ ಕಾರ್ಡಿನಿಂದ ಹಣ ಕಟ್ಟಿದೆ. ನೋ ಮ್ಯಾನ್ಸ್ ಸ್ಕೈ ಕೂಡ ಬಿಡುಗಡೆಯಾದಾಗ ಬೈಸಿಕೊಂಡಿತ್ತು. ಅದನ್ನು ತಯಾರಿಸಿದ ಹಲೋ ಗೇಮ್ಸ್‌ನವರು ಕೈಬಿಡದೆ, 2016ರ ನವೆಂಬರ್‌ನಿಂದ ಒಂದರ ಹಿಂದೊಂದು ಅಪ್‌ಡೇಟ್‌ಗಳನ್ನು ಉಚಿತವಾಗಿ ಕೊಟ್ಟು, 2018ರ ಜುಲೈ ಹೊತ್ತಿಗೆ ಗೆಳೆಯರೊಡನೆ ಸೇರಿ ಆಡುವಂತೆಯೂ ಮಾಡಿದರು. ಇವರೂ ಹಾಗೆಯೇ ಮಾಡಿಯಾರು ಎಂದು ನಾನು ಅಂದುಕೊಂಡೆ. ಅವರು ಸರಿಪಡಿಸಲು ಹಣ ಕೇಳಿರಲಿಲ್ಲ, ಇವರು ಮೊದಲೇ ಕೇಳುತ್ತಿದ್ದಾರೆ ಎಂಬ ವ್ಯತ್ಯಾಸ ಆಗ ಹೊಳೆಯಲಿಲ್ಲ. ಹಣ ಕಟ್ಟಿದ ಮೇಲೆ ಒಂದೇ ಒಂದು ಸಣ್ಣ ಅಪ್‌ಡೇಟ್ ಬಂತು, ಆಮೇಲೆ ಏನೂ ಇಲ್ಲ. ನಾನು ಕಳಿಸಿದ ಮೂರು ಇ-ಮೇಲ್‌ಗಳಿಗೂ ಉತ್ತರವಿಲ್ಲ. ತಯಾರಕರ ಪುಟದಲ್ಲಿ ಕಟ್ಟಿದ ಹಣವಾದ್ದರಿಂದ ಸ್ಟೀಮ್‌ನ ರೀಫಂಡ್ ನಿಯಮ ಅದಕ್ಕೆ ಅನ್ವಯಿಸುವುದೇ ಇಲ್ಲ.

ಬೇಸಿಗೆಯ ಒಂದು ಸಂಜೆ ಗಾಳಿಮಳೆಗೆ ಕರೆಂಟ್ ಹೋಗಿ, ಬ್ಯಾಟರಿ ಸತ್ತಿದ್ದ ನಮ್ಮ ಹಳೆಯ ಲ್ಯಾಪ್‌ಟಾಪ್ ಆರಿದಾಗ, ಆಟ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಉಳಿಸಿಡುವ ಸೇವ್ ಫೈಲ್ ಕೂಡ ಹಾಳಾಯಿತು. ಫೋಲ್ಡರ್ ತೆರೆದು ನೋಡಿದರೆ ಫೈಲಿನ ಗಾತ್ರ ಸೊನ್ನೆ. ಹಿಂದಿನ ಪ್ರತಿಯೊಂದನ್ನು ಉಳಿಸಿಕೊಳ್ಳುವಷ್ಟು ಸಾಮಾನ್ಯ ಎಚ್ಚರವೂ ಆ ಗೇಮಿನಲ್ಲಿರಲಿಲ್ಲ.

ಆದ್ದರಿಂದ ಇಂಥದ್ದನ್ನು ಕೊಳ್ಳುವ ಮುನ್ನ, ಯಾರಾದರೂ ಎಡಿಟ್ ಮಾಡದೆ ಆಡಿ ತೋರಿಸಿದ ವಿಡಿಯೋ ಹುಡುಕಿ, ಮೊದಲ ಎರಡು ಗಂಟೆಯ ಭಾಗವನ್ನು ಬಿಟ್ಟು ನಾಲ್ಕನೆಯ, ಐದನೆಯ ಗ್ರಹ ಬರುವ ಭಾಗವನ್ನೇ ನೋಡಿ. ಬಂಡೆಗಳ ಆಕಾರವನ್ನು ಗಮನಿಸಿ. ಬಣ್ಣ ಕಣ್ಣನ್ನು ಬೇಗ ಮರುಳು ಮಾಡುತ್ತದೆ, ಆಕಾರಕ್ಕೆ ಅದು ಅಷ್ಟು ಸುಲಭವಲ್ಲ. ಅರ್ಲಿ ಆಕ್ಸೆಸ್ ಎಂದಿದ್ದರೆ ಕೊನೆಯ ಅಪ್‌ಡೇಟ್‌ನ ದಿನಾಂಕ ನೋಡಿ, ಮತ್ತು ಈ ದಿನ ಗೇಮ್ ಇರುವ ಸ್ಥಿತಿಗೆ ಆ ಬೆಲೆ ಕೊಡಬಹುದೇ ಎಂದಷ್ಟೇ ಯೋಚಿಸಿ. ಅರ್ಲಿ ಆಕ್ಸೆಸ್ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ: ಸಬ್‌ನಾಟಿಕಾ 2014ರ ಡಿಸೆಂಬರ್‌ನಿಂದ ಮೂರು ವರ್ಷ ಹಾಗೆಯೇ ಬೆಳೆದು 2018ರ ಜನವರಿಯಲ್ಲಿ ಪೂರ್ಣವಾಯಿತು, ಅದರಲ್ಲಿರುವುದು ಒಂದೇ ಗ್ರಹದ ಸಮುದ್ರ. 2019ರ ಔಟರ್ ವೈಲ್ಡ್ಸ್‌ನಲ್ಲಿ ಗ್ರಹಗಳನ್ನು ಬೆರಳೆಣಿಕೆಯಲ್ಲಿ ಎಣಿಸಬಹುದು, ಎಲ್ಲವೂ ಕೈಯಿಂದ ರಚಿಸಿದವು. ರಜೆ ಮುಗಿಯುವ ಮೊದಲು ಅಣ್ಣನ ಮಗನಿಗೆ ಅದನ್ನು ಕೊಡಿಸಿದೆ. ನೋಟ್‌ಬುಕ್ಕಿನಲ್ಲಿ "ಮೇಲಿನಂತೆ" ಎಂಬುದರ ಕೆಳಗೆ ಗೆರೆ ಎಳೆದು, ಹೊಸ ಪುಟದಿಂದ ಮತ್ತೆ ಚಿತ್ರ ಬರೆಯಲು ಶುರುಮಾಡಿದ್ದಾನೆ.