ಪ್ರಸ್ತಾವನೆ ಬರೆದುಕೊಡುವ ವೃತ್ತಿಪರ ಸೇವೆ: ನನ್ನ ಅನುಭವ

ಇದುವರೆಗೆ ವ್ಯವಹಾರ ಪ್ರಸ್ತಾವನೆಗಳನ್ನು ನಾನೇ ಬರೆಯುತ್ತಿದ್ದೆ. ಈ ಬಾರಿ ದೊಡ್ಡ ಟೆಂಡರ್ ಒಂದಕ್ಕಾಗಿ ವೃತ್ತಿಪರ ಬರಹಗಾರರೊಬ್ಬರ ನೆರವು ಪಡೆದೆ. ಟೆಂಡರಿನ ಪ್ರತಿಯೊಂದು ಷರತ್ತನ್ನೂ ಪಟ್ಟಿ ಮಾಡಿ, ಅದಕ್ಕೆ ಉತ್ತರ ಯಾವ ಪುಟದಲ್ಲಿದೆ ಎಂಬುದನ್ನು ಎದುರಿಗೇ ನಮೂದಿಸಿದ್ದ ಅವರ ಕೋಷ್ಟಕವನ್ನು ಕಂಡಾಗ, ನನ್ನ ಹಳೆಯ ಪ್ರಸ್ತಾವನೆಗಳು ಕಂಪನಿಯ ಇತಿಹಾಸದಿಂದ ಆರಂಭವಾಗಿ ಗ್ರಾಹಕರ ಸಮಸ್ಯೆಯನ್ನು ನಾಲ್ಕನೆಯ ಪುಟಕ್ಕೆ ತಳ್ಳುತ್ತಿದ್ದುದು ನೆನಪಾಗಿ ಮುಜುಗರವಾಯಿತು. ಸಾರಾಂಶವನ್ನು ಅವರು ಕೊನೆಯಲ್ಲಿ ಬರೆದು ಮೊದಲಿಗೆ ಇಟ್ಟರು. ಆದರೆ ಮೊದಲ ಕರಡಿನಲ್ಲಿ ನಾವು ಒದಗಿಸದ ನಿರ್ವಹಣಾ ಸೇವೆಯ ಭರವಸೆಯೂ ನುಸುಳಿತ್ತು. ಅದನ್ನು ತೆಗೆಸಿ, ವೆಚ್ಚದ ಲೆಕ್ಕವನ್ನು ಸರಿಪಡಿಸಲು ಎರಡು ಸಂಜೆಗಳು ಹಿಡಿದವು. (ಕೊನೆಗೆ ಸಹಿ ಹಾಕುವವನು ನಾನೇ ತಾನೆ!) ಪರಿಚಿತ ಗ್ರಾಹಕರಿಗೆ ಎರಡು ಪುಟದ ಪ್ರಸ್ತಾವನೆಯನ್ನು ಮುಂದೆಯೂ ನಾನೇ ಬರೆಯುತ್ತೇನೆ, ಷರತ್ತುಗಳು ಹೆಚ್ಚಿರುವ ಟೆಂಡರಿಗೆ ಮಾತ್ರ ಅವರನ್ನು ಮತ್ತೆ ಕರೆಯುತ್ತೇನೆ.