ಅಗಲ ನೋಡಿ ಬಾಕ್ಸ್ ಬ್ಲೇಡ್ ತಗೋಬೇಡಿ

ಸಣ್ಣ ಟ್ರ್ಯಾಕ್ಟರ್‌ಗೆ ಬಾಕ್ಸ್ ಬ್ಲೇಡ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ ಹೋಗಿ. ಬಾಕ್ಸ್ ಬ್ಲೇಡ್ ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ, ತಳವಿಲ್ಲದ ಕಬ್ಬಿಣದ ಪೆಟ್ಟಿಗೆ; ನೆಲ ಕೆರೆಯಲು ಹಲ್ಲು, ಮಟ್ಟ ಮಾಡಲು ಮುಂದೊಂದು ಹಿಂದೊಂದು ಬ್ಲೇಡ್ ಇರುತ್ತೆ. ನಾನು ತಪ್ಪು ಬಾಕ್ಸ್ ತಂದೆ. ದುಡ್ಡು ಹಾಳಾಗಿದ್ದು ಒಂದು ಕಡೆ ಇರಲಿ. ಅದರಿಂದಾಗಿ ಒಂದು ದಿನ ಏರಿನಲ್ಲಿ ಟ್ರ್ಯಾಕ್ಟರ್ ನನ್ನ ಕೈ ಮೀರಿ ಹೋಯಿತು. ಆವತ್ತಿನ ಭಯ ಇನ್ನೂ ಮನಸ್ಸಿಂದ ಹೋಗಿಲ್ಲ.

ನನ್ನದು 24 ಎಚ್‌ಪಿ, ಫೋರ್ ವೀಲ್ ಡ್ರೈವ್ ಗಾಡಿ. ಮನೆಯ ಜಲ್ಲಿ ದಾರಿ ಗುಂಡಿ ಬಿದ್ದಿತ್ತು. ಅದನ್ನು ಕೆರೆದು ಮಟ್ಟ ಮಾಡಬೇಕಿತ್ತು, ಅಷ್ಟೇ ಕೆಲಸ. ಮಾರುವವರು 6 ಅಡಿಯ ಬಾಕ್ಸ್ ತೋರಿಸಿದರು. "ಅಗಲ ಜಾಸ್ತಿ ಇದ್ದರೆ ಕೆಲಸ ಬೇಗ ಮುಗಿಯುತ್ತೆ ಸಾರ್" ಅಂದರು. ತೂಕ ಕೇಳಿದೆ. 170 ಕೆಜಿ. "ಹಗುರ ಇದ್ದಷ್ಟೂ ಒಳ್ಳೇದು, ನಿಮ್ಮ ಗಾಡಿಗೆ ಭಾರ ಬೀಳಲ್ಲ. ನೆಲ ಕಚ್ಚದಿದ್ದರೆ ಹೈಡ್ರಾಲಿಕ್ ಒತ್ತುತ್ತೆ" ಅಂದರು.

ಆ ಕೊನೆಯ ಮಾತು ಸುಳ್ಳು. ನಾನು ನಂಬಿದ್ದೂ ಅದನ್ನೇ.

ಬಹುತೇಕ ಸಣ್ಣ ಟ್ರ್ಯಾಕ್ಟರ್‌ಗಳ ಹಿಂದಿನ ಲಿಫ್ಟ್ ಎತ್ತುತ್ತದೆ, ಒತ್ತುವುದಿಲ್ಲ. ಲಿವರ್ ಪೂರ್ತಿ ಕೆಳಗೆ ತಳ್ಳಿದರೆ ಎರಡು ಕಡೆಯ ತೋಳುಗಳು ಸಡಿಲ ಆಗುತ್ತವೆ, ಬೇರೇನೂ ಆಗಲ್ಲ. ನಿಮಗೆ ಅನುಮಾನ ಇದ್ದರೆ ಹೀಗೆ ಮಾಡಿ. ಹಿಂದೆ ಏನೂ ಕಟ್ಟದೆ ಲಿಫ್ಟ್ ಪೂರ್ತಿ ಇಳಿಸಿ, ಎಂಜಿನ್ ಆಫ್ ಮಾಡಿ, ತೋಳನ್ನು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ. ಎದ್ದು ಬರುತ್ತೆ. ಅಂದರೆ ನೆಲ ಕಚ್ಚುವುದಕ್ಕೆ ಬಾಕ್ಸಿಗೆ ಇರುವುದು ಎರಡೇ ಬಲ: ಅದರ ಸ್ವಂತ ತೂಕ, ಮತ್ತೆ ಟಾಪ್ ಲಿಂಕ್‌ನಿಂದ (ಬಾಕ್ಸಿನ ಮೇಲ್ಭಾಗವನ್ನು ಗಾಡಿಗೆ ಸೇರಿಸುವ, ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಸರಳು) ನಾವು ಕೊಡುವ ಓರೆ. ಟಾಪ್ ಲಿಂಕ್ ಗಿಡ್ಡ ಮಾಡಿದರೆ ಬಾಕ್ಸ್ ಮುಂದಕ್ಕೆ ಬಾಗಿ ಹಲ್ಲು ಮತ್ತು ಮುಂದಿನ ಬ್ಲೇಡ್ ನೆಲಕ್ಕೆ ಇಳಿಯುತ್ತವೆ. ಉದ್ದ ಮಾಡಿದರೆ ಹಿಂದಿನ ಬ್ಲೇಡ್ ಮೇಲ್ಮೈ ಸವರುತ್ತದೆ.

ನಾನು ಗಿಡ್ಡ ಮಾಡಿದೆ, ಇನ್ನೂ ಗಿಡ್ಡ ಮಾಡಿದೆ. ಗಟ್ಟಿಯಾದ ಜಲ್ಲಿ ಮೇಲೆ ಐದು ಹಲ್ಲುಗಳೂ ಕಿರ್ರೆಂದು ಗೀರು ಎಳೆದವೇ ಹೊರತು ಒಳಗೆ ಇಳಿಯಲಿಲ್ಲ. ಲೆಕ್ಕ ನೋಡಿ. 170 ಕೆಜಿಯನ್ನು ಐದು ಹಲ್ಲಿಗೆ ಹಂಚಿದರೆ ಒಂದಕ್ಕೆ 35 ಕೆಜಿ ಕೂಡ ಬರಲ್ಲ. ಮೂರು ಹಲ್ಲು ಮೇಲೆತ್ತಿ ಪಿನ್ ಹಾಕಿ ಎರಡನ್ನೇ ಬಿಟ್ಟಾಗ ಸ್ವಲ್ಪ ಕಚ್ಚಿತು. ಆದರೆ ಕಲ್ಲು ಸಿಕ್ಕಲ್ಲೆಲ್ಲ ಬಾಕ್ಸ್ ನೆಗೆಯಿತು. ಸಂಜೆ ಇಳಿದು ನೋಡಿದರೆ ದಾರಿ ತುಂಬ ಅಲೆ ಅಲೆ. ಮೊದಲಿದ್ದ ಗುಂಡಿಗಳೇ ವಾಸಿ ಅನ್ನಿಸಿತು.

ಮೆತ್ತನೆ ಮಣ್ಣಿರುವ ಕಡೆ ಇದಕ್ಕೆ ತದ್ವಿರುದ್ಧ. ಅಲ್ಲಿ 6 ಅಡಿ ಬಾಕ್ಸ್ ಗಬಕ್ಕನೆ ತುಂಬಿಕೊಳ್ಳುತ್ತಿತ್ತು. ಮಣ್ಣು ಹತ್ತಿರ ಹತ್ತಿರ ಘನ ಮೀಟರಿಗೆ ಒಂದೂವರೆ ಟನ್ ತೂಗುತ್ತದೆ. ಅಷ್ಟು ಅಗಲಕ್ಕೆ ತುಂಬಿದ್ದನ್ನು ಎಳೆಯಲಾಗದೆ ನಾಲ್ಕೂ ಚಕ್ರ ಸ್ಲಿಪ್ ಹೊಡೆದು ನಿಂತಲ್ಲೇ ಗುಂಡಿ ತೋಡುತ್ತಿದ್ದವು. ಎಂಜಿನ್ನಿಗೆ ಶಕ್ತಿ ಇತ್ತು, ಟೈರಿಗೆ ಹಿಡಿತ ಇರಲಿಲ್ಲ.

ಈಗ ಆ ದಿನದ ಮಾತು. ತೂಕ ಸಾಲದು ಅಂತ ಗೊತ್ತಾದ ಮೇಲೆ ಬಾಕ್ಸಿನ ಮೇಲೆ ಕಲ್ಲುಗಳನ್ನು ಸರಪಳಿಯಿಂದ ಬಿಗಿದೆ, ಸುಮಾರು 120 ಕೆಜಿ. ಕಚ್ಚಲು ಶುರುವಾಯಿತು, ಖುಷಿಯೂ ಆಯಿತು. ವಾಪಸ್ ಬರುವಾಗ ಬಾಕ್ಸ್ ಎತ್ತಿಕೊಂಡು ಏರು ಹತ್ತಿದೆ. ಎಡಕ್ಕೆ ತಿರುಗಬೇಕಿತ್ತು, ಸ್ಟೇರಿಂಗ್ ತಿರುಗಿಸಿದೆ. ಅದು ಬೆಣ್ಣೆಯಂತೆ ಹಗುರವಾಗಿ ತಿರುಗಿತು. ಮುಂದಿನ ಚಕ್ರಗಳು ಎಡಕ್ಕೆ ಹೊರಳಿದ್ದು ಕಣ್ಣಿಗೆ ಕಾಣಿಸುತ್ತಿದೆ, ಗಾಡಿ ಮಾತ್ರ ನೆಟ್ಟಗೆ ಚರಂಡಿಯ ಅಂಚಿಗೆ ಹೋಗುತ್ತಿದೆ. ಚಕ್ರ ನೆಲ ಬಿಟ್ಟಿತ್ತು. ಲಿವರ್ ಕೆಳಗೆ ತಳ್ಳಿ ಬಾಕ್ಸನ್ನು ನೆಲಕ್ಕೆ ಬಿಟ್ಟೆ. ಧಡ್ ಅಂತ ಮುಂಭಾಗ ಕೆಳಗೆ ಕೂತಿತು. ಚರಂಡಿಗೂ ಟೈರಿಗೂ ಒಂದು ಗೇಣು ಉಳಿದಿತ್ತು. ಇಳಿದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಿಮಗೆ ಯಾವತ್ತಾದರೂ ಹೀಗಾದರೆ ಮೊದಲು ಬಾಕ್ಸ್ ಇಳಿಸಿ, ಸ್ಟೇರಿಂಗ್ ಜೊತೆ ಗುದ್ದಾಡಬೇಡಿ.

ಟ್ರ್ಯಾಕ್ಟರಿನ ಪುಸ್ತಕದಲ್ಲಿ ಲಿಫ್ಟ್ ಸಾಮರ್ಥ್ಯಕ್ಕೆ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಒಂದು ತೋಳಿನ ತುದಿಯಲ್ಲಿ ಎತ್ತುವುದು, ಇನ್ನೊಂದು ತುದಿಯಿಂದ 610 ಮಿಲಿಮೀಟರ್ ಹಿಂದೆ ಎತ್ತುವುದು. ಮಾರುವವರು ಹೇಳುವುದು ಮೊದಲನೆಯದನ್ನು, ಅದು ದೊಡ್ಡದು. ನೀವು ನೋಡಬೇಕಾದ್ದು ಎರಡನೆಯದನ್ನು, ಯಾಕೆಂದರೆ ಬಾಕ್ಸಿನ ತೂಕ ಹಿಂದೆ ಇರುತ್ತೆ ಅಲ್ವಾ. ಎರಡನೆಯ ಅಂಕಿ ಸಾಕಷ್ಟಿದ್ದರೂ ಮುಂದೆ ತೂಕ ಕಟ್ಟಿ, ಇಲ್ಲವೇ ಮುಂದಿನ ಲೋಡರ್ ಇರಲಿ. ಲಿಫ್ಟ್ ಎತ್ತಬಲ್ಲದು ಅಂದ ಮಾತ್ರಕ್ಕೆ ಮುಂದಿನ ಚಕ್ರ ನೆಲದ ಮೇಲೆ ಇರುತ್ತೆ ಅಂತಲ್ಲ.

ಕೊನೆಗೆ ಆ ಬಾಕ್ಸ್ ಮುರಿದದ್ದು ರಿವರ್ಸ್ ಹೋಗುವಾಗ. ಹಲ್ಲು ಇಳಿದಿದ್ದನ್ನು ನೋಡದೆ ಎರಡಡಿ ಹಿಂದೆ ಬಂದೆ. ಅದು ನನ್ನ ತಪ್ಪೇ. ಹಲ್ಲಿರುವುದು ಮುಂದಕ್ಕೆ ಎಳೆಯುವುದಕ್ಕೆ, ಇಳಿದಿರುವಾಗ ರಿವರ್ಸ್ ಹೋಗಲೇಬಾರದು. ಆದರೆ ಹಲ್ಲು ಬಾಗಲಿಲ್ಲ. ಹಲ್ಲು ಕೂರುವ ಗೂಡೇ ತೆಳು ತಗಡಿನ ಸಮೇತ ಕಿತ್ತು ಬಂತು. ಬೆಸುಗೆ ಮೇಲೆ ಬಣ್ಣ ದಪ್ಪಗೆ ಬಳಿದಿದ್ದರು. ಒಳಗೆ ನೋಡಿದರೆ ನಾಲ್ಕು ಬದಿಯಲ್ಲಿ ಎರಡಕ್ಕೆ ಮಾತ್ರ ಬೆಸುಗೆ. ಅಂಗಡಿಯಲ್ಲೇ ಬಗ್ಗಿ ಆ ಗೂಡುಗಳ ಹಿಂದೆ ಬೆರಳಾಡಿಸಿದ್ದರೆ ಗೊತ್ತಾಗುತ್ತಿತ್ತು. ನೀವು ಬಗ್ಗಿ ನೋಡಿ, ನಾಚಿಕೆ ಬೇಡ.

ಅಗಲಕ್ಕೆ ಟೇಪ್ ಹಿಡಿಯಿರಿ. ಹಿಂದಿನ ಎರಡು ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ನನ್ನದು 4 ಅಡಿ 5 ಇಂಚು. 5 ಅಡಿ ಬಾಕ್ಸ್ ಟೈರಿನ ಗುರುತು ಅಳಿಸಲು ಧಾರಾಳ ಸಾಕು. ಟೈರಿಗಿಂತ ಕಡಿಮೆ ಅಗಲದ್ದು ತಂದರೆ ಗುರುತು ಉಳಿಯುತ್ತೆ, ಅದೂ ಬೇಡ. ಅಡಿಗೆ 45 ಕೆಜಿಗಿಂತ ಹಗುರದ್ದನ್ನು ನಾನಂತೂ ಇನ್ನು ಮುಟ್ಟಲ್ಲ. ಬ್ಲೇಡ್ ಬೋಲ್ಟಿನಲ್ಲಿ ಕೂತಿರಲಿ, ಸವೆದರೆ ತಿರುಗಿಸಿ ಹಾಕಬಹುದು. ಬೆಸುಗೆ ಹಾಕಿದ್ದಾದರೆ ಕತ್ತರಿಸಿಯೇ ತೆಗೆಯಬೇಕು. ಪಿನ್ ನಿಮ್ಮ ಹಿಚ್‌ಗೆ (ಗಾಡಿಗೆ ಬಾಕ್ಸ್ ಕಟ್ಟುವ ಜೋಡಣೆಗೆ) ಸರಿಯಾಗಿರಲಿ, ಅದು ಕ್ಯಾಟಗರಿ 1 ಅಳತೆಯದಾದರೆ ಕೆಳಗಿನ ಪಿನ್ 22 ಮಿಲಿಮೀಟರ್.

ಈಗ ನನ್ನ ಹತ್ತಿರ ಇರುವುದು 5 ಅಡಿ, 260 ಕೆಜಿ. ಮುಂದೆ ತೂಕ ಕಟ್ಟಿದ್ದೇನೆ. ಮೊದಲ ದಿನವೇ ಹಲ್ಲು ಜಲ್ಲಿಯೊಳಗೆ ಇಳಿಯಿತು, ಮೂರು ಸುತ್ತು ಎಳೆಯುವಷ್ಟರಲ್ಲಿ ಅಲೆಗಳು ಹೋದವು. ಹಳೆಯದನ್ನು ಇಬ್ಬರು ಕೇಳಿಕೊಂಡು ಬಂದರು. ಇಬ್ಬರದೂ ಸಣ್ಣ ಗಾಡಿಗಳೇ. ಕಿತ್ತ ಗೂಡು ತೋರಿಸಿ, ಆದದ್ದನ್ನೆಲ್ಲ ಹೇಳಿ ಕಳಿಸಿದೆ. ಕೊಡಲಿಲ್ಲ.