ಒಣಗದ ಚ್ಯಾಪ್ಸ್: ನಾಲ್ಕು ಮಳೆಗಾಲಗಳ ಬಳಕೆಯ ನಂತರ

ಚೈನ್ ಸಾ, ಅಂದರೆ ಸರಪಳಿ ಗರಗಸ, ಹಿಡಿದು ಮರ ಕೊಯ್ಯುವವರು ಪ್ಯಾಂಟಿನ ಮೇಲೆ ಮುಂದಿನಿಂದ ಕಟ್ಟಿಕೊಳ್ಳುವ ರಕ್ಷಣಾ ಉಡುಪಿನ ಬಗ್ಗೆ, ಅಂದರೆ ಚ್ಯಾಪ್ಸ್ ಬಗ್ಗೆ, ನನ್ನ ದೊಡ್ಡ ದೂರು ಒಂದೇ. ಆದರೆ ಅದು ನಾಲ್ಕು ವರ್ಷಗಳಾದರೂ ಬಗೆಹರಿಯದ ದೂರು. ಮಲೆನಾಡಿನ ಮಳೆಗಾಲದಲ್ಲಿ ಇದು ಒಣಗುವುದಿಲ್ಲ. ಮೂಡಿಗೆರೆ ತಾಲ್ಲೂಕಿನ ನಮ್ಮ ಏಳು ಎಕರೆ ಕಾಫಿ ತೋಟದಲ್ಲಿ ಚೈನ್ ಸಾಗೆ ಬಿಡುವಿಲ್ಲದ ಕೆಲಸ ಬೀಳುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಗಾಳಿಗೆ ಸಿಲ್ವರ್ ಓಕ್ ನಡುಮಧ್ಯೆ ಮುರಿದು ಮೆಣಸಿನ ಬಳ್ಳಿಯನ್ನೂ ಎಳೆದುಕೊಂಡು ಕಾಫಿ ಗಿಡಗಳ ಮೇಲೆ ಒರಗುತ್ತದೆ, ಅತ್ತಿಯ ಕೊಂಬೆ ಬೇಲಿಯನ್ನು ಮಲಗಿಸುತ್ತದೆ, ಬುಡಸಮೇತ ಮಗುಚಿದ ಹಲಸು ಮನೆಗೆ ಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಬೇಸಗೆಯ ಮರಗಸಿಯನ್ನು, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸವನ್ನು, ಎರಡು ದಿನ ಮುಂದೂಡಬಹುದು. ದಾರಿಗೆ ಅಡ್ಡ ಬಿದ್ದ ಮರವನ್ನು ಮುಂದೂಡಲಾಗುವುದಿಲ್ಲ. ಹಾಗಾಗಿ ಈ ಉಡುಪು ತೀರ ಬೇಕಾಗುವ ತಿಂಗಳುಗಳೂ ಇದು ಸದಾ ಒದ್ದೆಯಾಗಿರುವ ತಿಂಗಳುಗಳೂ ಒಂದೇ. ಒಣಗಿದ್ದಾಗ 1.3 ಕಿಲೋ ತೂಗುವ ಚ್ಯಾಪ್ಸ್ ಒಂದು ಮಧ್ಯಾಹ್ನದ ಮಳೆಯಲ್ಲಿ ನೆನೆದ ಮೇಲೆ 2 ಕಿಲೋ ದಾಟಿತ್ತು. ಕಾಫಿ ತೂಗುವ ತಕ್ಕಡಿಯಲ್ಲಿ ನಾನೇ ಇಟ್ಟು ನೋಡಿದ್ದೇನೆ.

ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಗಳದಲ್ಲಿ. ಹಂಡೆಯ ಕೆಳಗೆ ಬೆಂಕಿ ಇರುವಷ್ಟು ಹೊತ್ತೂ ಅಲ್ಲಿಗೆ ಶಾಖ ತಾಗುತ್ತಿರುತ್ತದೆ, ಹೊಗೆಯ ವಾಸನೆಯೊಂದನ್ನು ಸಹಿಸಿಕೊಂಡರೆ ಕಂಬಳಿಯೂ ಎರಡು ದಿನದಲ್ಲಿ ಒಣಗುತ್ತದೆ. ಮೊದಲ ವರ್ಷ ನಾನೂ ಚ್ಯಾಪ್ಸನ್ನು ಅಲ್ಲಿಯೇ ತೂಗುಹಾಕಿದೆ. ಮೂರನೆಯ ದಿನ ಇಳಿಸಿದಾಗ ಎಡಗಾಲಿನ ಕೆಳಗಿನ ಅಂಚು ಹಪ್ಪಳದಂತೆ ಸೆಟೆದುಕೊಂಡಿತ್ತು. ಆಮೇಲೆ ಒಳಗೆ ಹೊಲಿದಿದ್ದ ಚೀಟಿಯನ್ನು ಓದಿದೆ: ಬೆಂಕಿಯ ಬಳಿ ಒಣಗಿಸಬಾರದು, ಇಸ್ತ್ರಿ ಮಾಡಬಾರದು, ಬ್ಲೀಚ್ ಹಾಕಬಾರದು. ಗರಗಸದಿಂದ ಕಾಲನ್ನು ಕಾಯುವುದು ಒಳಗಿರುವ ಪಾಲಿಯೆಸ್ಟರ್ ಎಳೆ. ಶಾಖಕ್ಕೆ ಅದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡರೆ ಉಡುಪಿನ ಉದ್ದೇಶವೇ ಹೋದಂತೆ. ಅದೃಷ್ಟಕ್ಕೆ ಸೆಟೆದದ್ದು ಎಳೆಗಳಿಲ್ಲದ ಬರೀ ಅಂಚು.

ಈಗ ಮನೆಯಲ್ಲಿ ಇದಕ್ಕೊಂದು ಪದ್ಧತಿಯೇ ಬೆಳೆದಿದೆ. ಕೆಲಸ ಮುಗಿದ ಕೂಡಲೇ, ಮೆತ್ತಿದ ಕೆಸರು ಗಟ್ಟಿಯಾಗುವ ಮೊದಲು, ಜಗಲಿಯ ಮೆಟ್ಟಿಲ ಮೇಲೆ ಹರಡಿ ಬಟ್ಟೆ ತೊಳೆಯುವ ಮೆತ್ತನೆಯ ಬ್ರಷ್ಷಿನಿಂದ ಮಣ್ಣನ್ನೂ ಮರದ ಹುಡಿಯನ್ನೂ ತೆಗೆಯುತ್ತೇನೆ. ಸರಪಳಿಯ ಎಣ್ಣೆ ಸಿಡಿದಿರುವ ಕಡೆಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ. ಎಣ್ಣೆ ಒಳಗಿಳಿದರೆ ಎಳೆಗಳು ಜಡೆಗಟ್ಟುತ್ತವೆ. ಉಗುರು ಬೆಚ್ಚನೆಯ ನೀರಿನಲ್ಲಿ ಅದ್ದಿ, ಹಿಂಡದೆ, ನೀರು ತಾನಾಗಿ ಇಳಿಯುವವರೆಗೆ ಕಂಬಕ್ಕೆ ಒರಗಿಸುತ್ತೇನೆ. ನಂತರ ಕಾಫಿ ಮೂಟೆಗಳಿಡುವ ಕೋಣೆಯಲ್ಲಿ, ಸೊಂಟದ ಪಟ್ಟಿಯನ್ನು ಜಂತೆಗೆ ಕಟ್ಟಿ, ಎದುರಿಗೆ ಟೇಬಲ್ ಫ್ಯಾನ್. ಬೆಳಿಗ್ಗೆ ಅದರ ಮುಖಕ್ಕೆ ಗಾಳಿ, ಸಂಜೆ ಬೆನ್ನಿಗೆ. ತಿರುಗಿಸುವ ಹೊಣೆ ಮಗನದು. ಕರೆಂಟ್ ಇದ್ದರೆ ನಾಲ್ಕು ದಿನದಲ್ಲಿ ಒಣಗುತ್ತದೆ, ಮತ್ತು ಮರ ಬಿದ್ದ ವಾರದಲ್ಲಿ ನಮ್ಮೂರಿನಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎರಡನೆಯ ವರ್ಷ ಹಾಗೆಯೇ ಬಿಟ್ಟಾಗ ಒಳಮೈಗೆ ಬೂಷ್ಟು ಹಿಡಿದಿತ್ತು. ಸುಮಾರು 9,000 ರೂಪಾಯಿ ಕೊಟ್ಟು ತಂದ ವಸ್ತುವಿಗೆ ಹಸುಗೂಸಿನಂತೆ ಆರೈಕೆ ಮಾಡಬೇಕಾಗಿ ಬಂದದ್ದು ನನಗೆ ಸಿಟ್ಟನ್ನೇ ತರಿಸಿತ್ತು, ಈಗಲೂ ಆಗಾಗ ತರಿಸುತ್ತದೆ.

ಅಳತೆಯ ವಿಷಯದಲ್ಲಿಯೂ ಕಿರಿಕಿರಿ ಇದೆ. ನಾನು ಐದಡಿ ಐದಂಗುಲದವನು. ತಂದದ್ದು ಯಾರೋ ಆರಡಿಯವರಿಗೆ ಹೊಲಿದಂತಿತ್ತು. ಕೆಳಗೆ ಮಡಿಸಿದರೆ ಆ ಮಡಿಕೆಯಲ್ಲಿ ಕಡ್ಡಿ ಸಿಕ್ಕಿ ಮುಗ್ಗರಿಸುವ ಅಪಾಯ, ಕತ್ತರಿಸಿದರೆ ಎಳೆಗಳೆಲ್ಲ ಹೊರಗೆ. ಹಾಗಾಗಿ ಪಟ್ಟಿಯನ್ನು ಹೊಕ್ಕುಳಿಗಿಂತ ಮೇಲೆ ಬಿಗಿದು, ಕೆಳತುದಿ ಬೂಟಿನ ಮೇಲೆ ನಿಲ್ಲುವಂತೆ ಮಾಡಿಕೊಂಡೆ. ಕಾಲಿನ ಹಿಂದೆ ಬರುವ ಬಕಲ್ಲುಗಳಿಗೆ ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡಕೊಂಬೆ, ಸಿಕ್ಕಿಕೊಳ್ಳುತ್ತದೆ. ಏಣಿ ಹತ್ತುವ ಕೆಲಸಕ್ಕಂತೂ ಇದು ಆಗದು, ಬಿಚ್ಚಿಟ್ಟೇ ಹತ್ತಬೇಕು.

ಇಷ್ಟೆಲ್ಲ ಬೈದುಕೊಂಡೂ ಏಕೆ ಇಟ್ಟುಕೊಂಡಿದ್ದೇನೆ ಎಂದರೆ, ಇದು ಕೆಲಸ ಮಾಡುವ ಬಗೆ ನನಗೆ ಮೊದಲಿನಿಂದಲೂ ಕುತೂಹಲ ಹುಟ್ಟಿಸಿದೆ. ಕೊಳ್ಳುವ ಮೊದಲು ನಾನು ಇದನ್ನು ಗುರಾಣಿಯಂಥದ್ದು ಎಂದುಕೊಂಡಿದ್ದೆ, ಸರಪಳಿಗೆ ಕತ್ತರಿಸಲಾಗದಷ್ಟು ಗಟ್ಟಿ ಬಟ್ಟೆ ಇರಬೇಕೆಂದು. ವಾಸ್ತವದಲ್ಲಿ ಸರಪಳಿ ಇದನ್ನು ಸಲೀಸಾಗಿ ಹರಿಯುತ್ತದೆ, ಹರಿಯಲೇಬೇಕು. ಮೇಲಿನ ಬಟ್ಟೆ ಹರಿದ ಕ್ಷಣದಲ್ಲಿ ಒಳಗೆ ಸಡಿಲವಾಗಿ ಹಾಸಿದ ಉದ್ದನೆಯ ಎಳೆಗಳನ್ನು ಸರಪಳಿಯ ಹಲ್ಲುಗಳು ಹೊರಗೆಳೆಯುತ್ತವೆ. ಆ ಎಳೆಗಳು ಸರಪಳಿಯೊಂದಿಗೇ ಓಡಿ, ಸರಪಳಿಯನ್ನು ಓಡಿಸುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸುತ್ತಿಕೊಂಡು ಮಿಷನ್ನನ್ನು ಉಸಿರುಗಟ್ಟಿಸಿ ನಿಲ್ಲಿಸುತ್ತವೆ.

ಎಷ್ಟು ವೇಗದ ಸರಪಳಿಯನ್ನು ನಿಲ್ಲಿಸಬಲ್ಲದು ಎಂಬುದಕ್ಕೆ ದರ್ಜೆಗಳಿವೆ: 0ನೆಯ ದರ್ಜೆ ಸೆಕೆಂಡಿಗೆ 16 ಮೀಟರ್, 1ನೆಯದು 20, 2ನೆಯದು 24, 3ನೆಯದು 28. ನನ್ನದು 1ನೆಯದು. ಹೆಚ್ಚಿನ ದರ್ಜೆಗೆ ಹೋದಂತೆ ಪದರವೂ ತೂಕವೂ ಬೆಲೆಯೂ ಏರುತ್ತವೆ, ನನ್ನ ಜೇಬು ಅಲ್ಲಿಗೇ ನಿಂತಿತು. ಆದರೆ ಕೊಂಡ ಮೇಲೆ ಒಂದು ಸಂಜೆ ಲೆಕ್ಕ ಹಾಕಿ ನೋಡಿದೆ. ನಮ್ಮದು 45 ಸಿಸಿ ಅಳತೆಯ ಮಿಷನ್. ಸ್ಪ್ರಾಕೆಟ್ಟಿಗೆ ಏಳು ಹಲ್ಲು, ಸರಪಳಿಯ ಪಿಚ್, ಅಂದರೆ ಒಂದು ಕೊಂಡಿಯ ಸರಾಸರಿ ಉದ್ದ, 0.325 ಇಂಚು. ಒಂದೊಂದು ಹಲ್ಲಿಗೆ ಎರಡು ಕೊಂಡಿ ಸರಿಯುವುದರಿಂದ, ಸ್ಪ್ರಾಕೆಟ್ ಒಂದು ಸುತ್ತು ತಿರುಗಿದರೆ ಸರಪಳಿ ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ಸರಿಯುತ್ತದೆ. ನಿಮಿಷಕ್ಕೆ 10,000 ಸುತ್ತಿನಲ್ಲಿ ಅದು ಸೆಕೆಂಡಿಗೆ 19 ಮೀಟರ್. 13,000 ಸುತ್ತಿನಲ್ಲಿ 25. ಅಂದರೆ ಮರ ಕೊಯ್ಯುತ್ತಿರುವಾಗಿನ ವೇಗ ಹೆಚ್ಚುಕಡಿಮೆ ನನ್ನ ದರ್ಜೆಯ ಮಿತಿಯೊಳಗೆ ಬರುತ್ತದೆ, ಬರೀ ಗಾಳಿಯಲ್ಲಿ ಪೂರ್ತಿ ರೇಸ್ ಕೊಟ್ಟರೆ ಬರುವುದಿಲ್ಲ. ಆ ಲೆಕ್ಕದ ನಂತರ ಕೊಂಬೆಯಿಂದ ಕೊಂಬೆಗೆ ಹೋಗುವಾಗ ರೇಸ್ ಬಿಡುವ ಅಭ್ಯಾಸ ನನಗೆ ತಾನಾಗಿ ಬಂತು. ಬ್ಯಾಟರಿ ಮಿಷನ್ ಇಟ್ಟುಕೊಂಡವರು ಇನ್ನೊಂದನ್ನು ಗಮನಿಸಬೇಕು: ವಿದ್ಯುತ್ ಮೋಟಾರು ನಿಧಾನ ವೇಗದಲ್ಲಿಯೂ ಬಲವಾಗಿ ಎಳೆಯುವುದರಿಂದ, ಪೆಟ್ರೋಲ್ ಎಂಜಿನ್ನನ್ನು ನಿಲ್ಲಿಸಿದಂತೆ ಅದನ್ನು ಎಳೆಗಳು ನಿಲ್ಲಿಸುತ್ತವೆಂಬ ಭರವಸೆ ಇಲ್ಲ.

ಪೆಟ್ಟು ಹೆಚ್ಚಾಗಿ ಬೀಳುವುದು ಎಡಗಾಲಿಗೆ. ಬಲಗೈಯಲ್ಲಿ ರೇಸ್ ಹಿಡಿದು ಎಡಗಾಲು ಮುಂದಿಟ್ಟು ನಿಂತಾಗ, ಕೊಂಬೆ ಕಡಿದುಹೋದ ಕೂಡಲೇ ಮಿಷನ್ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. ರೇಸ್ ಬಿಟ್ಟರೂ ಸರಪಳಿ ಇನ್ನೂ ಸ್ವಲ್ಪ ಹೊತ್ತು ಓಡುತ್ತಿರುತ್ತದೆ. ಎ ಮಾದರಿಯ ಉಡುಪಿನಲ್ಲಿ ಎರಡೂ ಕಾಲುಗಳ ಮುಂಭಾಗವಲ್ಲದೆ ಎಡಗಾಲಿನ ಹೊರಬದಿಗೂ ಬಲಗಾಲಿನ ಒಳಬದಿಗೂ ಐದು ಸೆಂಟಿಮೀಟರ್ ಹೆಚ್ಚುವರಿ ಪದರ ಇರುವುದು ಇದಕ್ಕಾಗಿಯೇ. ಕೊಳ್ಳುವಾಗ ಚೀಟಿಯಲ್ಲಿ ಇಎನ್ 381-5 ಅಥವಾ ಈಚಿನ ಇಎನ್ ಐಎಸ್ಒ 11393-2 ಎಂಬ ಯುರೋಪಿನ ಮಾನದಂಡದ ಗುರುತನ್ನೂ ದರ್ಜೆಯನ್ನೂ ನೋಡಿ. ಅದಿಲ್ಲದ ಅಗ್ಗದ ಮಾಲು ಕಳೆ ಕೊಚ್ಚುವ ಮಿಷನ್ನಿಗೆ ಸಾಕಾಗಬಹುದು, ಗರಗಸಕ್ಕಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಮ್ಮ ತೋಟದ ಮರಗಳನ್ನೆಲ್ಲ ನಾನೇ ಕೊಯ್ಯುತ್ತೇನೆಂದು ಅನ್ನಿಸಬಹುದು. ನಿಜ ಹಾಗಿಲ್ಲ. ನಾನು ಕೊಯ್ಯುವುದು ಸೌದೆ ಮತ್ತು ದಾರಿಯ ಮೇಲಿನ ಕೊಂಬೆ. ಉಳಿದದ್ದೆಲ್ಲ ಪಕ್ಕದ ಊರಿನಿಂದ ದಿನಗೂಲಿಗೆ ಬರುವ ಒಬ್ಬರ ಕೆಲಸ. ಹದಿನೈದು ವರ್ಷಗಳಿಂದ ಮಿಷನ್ ಹಿಡಿದವರು, ಮೊಣಕಾಲಿನವರೆಗಿನ ಚಡ್ಡಿ, ಗಂಬೂಟು, ತಲೆಗೊಂದು ಟವೆಲ್ಲು, ಅಷ್ಟೇ ಅವರ ರಕ್ಷಣೆ. ಚ್ಯಾಪ್ಸನ್ನು ನಾನು ನನ್ನ ಕಾಲಿಗೆಂದು ಕೊಂಡಿದ್ದೆ. ಅಪಾಯದ ಕೆಲಸದ ಹೆಚ್ಚಿನ ಪಾಲು ಅವರ ಕಾಲಿನ ಹತ್ತಿರ ನಡೆಯುತ್ತದೆಂಬುದು ಮೊದಲ ಮಳೆಗಾಲ ಮುಗಿದ ಮೇಲೆ ಹೊಳೆಯಿತು. ಕೊಟ್ಟರೆ ಅವರು ನಕ್ಕು, "ಕ್ರಿಕೆಟ್ ಪ್ಯಾಡು ಕಟ್ಕೊಂಡು ಮರ ಕೊಯ್ಯಕ್ಕಾಗತ್ತಾ ಅಣ್ಣ?" ಎಂದು ಪಕ್ಕಕ್ಕಿಟ್ಟರು. ಎರಡನೆಯ ವರ್ಷ ನನ್ನ ಒತ್ತಾಯಕ್ಕೆ ಒಂದು ದಿನ ಕಟ್ಟಿಕೊಂಡರು. ಸಂಜೆ ಬಿಚ್ಚುವಾಗ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿ, "ಮುಂದಗಡೆ ಒಂದ್ ಇಂಬಳಾನೂ ಹತ್ತಿಲ್ಲ ನೋಡಿ" ಎಂದರು. ಇಂಬಳವೆಂದರೆ ನಮ್ಮ ಕಡೆಯ ನೆಲದ ಜಿಗಣೆ.

ಯಾವ ಮಾರಾಟಗಾರನೂ ಹೇಳದ ಸುಖ ಇದು. ಜುಲೈ ತಿಂಗಳ ತೋಟದಲ್ಲಿ ಅರ್ಧ ಗಂಟೆ ನಿಂತರೆ ಇಂಬಳಗಳು ಬೂಟಿನ ಬಾಯಿಯಿಂದ ಮೊಣಕಾಲಿಗೆ ಏರುತ್ತವೆ, ಎರಡೂ ಕೈಗಳು ಮಿಷನ್ನಿನ ಮೇಲಿರುವಾಗ ಕಿತ್ತೆಸೆಯಲೂ ಆಗುವುದಿಲ್ಲ. ಸುಣ್ಣ ಮತ್ತು ಹೊಗೆಸೊಪ್ಪಿನ ಲೇಪ ಮಳೆಗೆ ತೊಳೆದುಹೋಗುತ್ತದೆ. ಚ್ಯಾಪ್ಸಿನ ನುಣುಪಾದ ಹೊರಬಟ್ಟೆಯ ಮೇಲೆ ಹತ್ತಿದವು ಕಾಣುತ್ತವೆ, ಬೂಟಿನ ಹಿಮ್ಮಡಿಯಿಂದ ಒರೆಸಿದರೆ ಉದುರುತ್ತವೆ. ಅಂದಿನಿಂದ ಅವರು ಮಳೆಗಾಲದಲ್ಲಿ ಚ್ಯಾಪ್ಸ್ ಕೇಳಿ ಕಟ್ಟಿಕೊಳ್ಳತೊಡಗಿದರು. ಅದು ಒದ್ದೆಯಾಗಿದ್ದರೂ ಅವರದೇನೂ ತಕರಾರಿರಲಿಲ್ಲ, ತಕರಾರೆಲ್ಲ ನನ್ನದೇ.

ಕಳೆದ ವರ್ಷದ ಆಗಸ್ಟ್‌ನಲ್ಲಿ, ಎಂದಿನಂತೆ ಮೆಟ್ಟಿಲ ಮೇಲೆ ಹರಡಿ ಬ್ರಷ್ ಹಾಕುವಾಗ, ಎಡ ತೊಡೆಯ ಮೇಲೆ ಅಡ್ಡಲಾಗಿ ಒಂದು ಹೊಲಿಗೆ ಕಂಡಿತು. ಮನೆಯ ಹೊಲಿಗೆ ಮಿಷನ್ನಿನಲ್ಲಿ ಕಪ್ಪು ದಾರದಿಂದ ಹೊಲಿದ ಅಚ್ಚುಕಟ್ಟಾದ, ನಾಲ್ಕು ಬೆರಳಗಲದ ಗೆರೆ. ನನಗೆ ಮೊದಲು ಬಂದದ್ದು ಕೋಪ, ಏಕೆಂದರೆ ಒಳಪದರದ ಮೂಲಕ ಸೂಜಿ ಹಾಯಿಸಿದರೆ ಎಳೆಗಳು ಕಟ್ಟಿಹಾಕಿದಂತಾಗಿ ಹೊರಬರಲಾರವು, ಆ ಭಾಗ ಬರೀ ಬಟ್ಟೆಯಾಗುತ್ತದೆ. ಕೇಳಿದಾಗ ಅವರು ತಲೆ ತಗ್ಗಿಸಿ, ಹಿಂದಿನ ವಾರ ತೋಟದ ಮೇಲಿನ ಪಟ್ಟೆಯಲ್ಲಿ ಬಿದ್ದ ಸಿಲ್ವರ್ ಓಕ್ ಸವರುವಾಗ ಎಲ್ಲಿಗೋ ಸಿಕ್ಕಿ ಹರಿಯಿತೆಂದೂ, ಹೆಂಡತಿಯ ಕೈಲಿ ಹೊಲಿಸಿದೆನೆಂದೂ ಹೇಳಿದರು. ದುಡ್ಡು ಕೂಲಿಯಲ್ಲಿ ಹಿಡಿಯುತ್ತೇನೆಂದು ಹೆದರಿದ್ದರು. ಎಲ್ಲಿಗೆ ಸಿಕ್ಕಿತು ಎಂದು ಮತ್ತೆ ಕೇಳಿದೆ. "ಗೊತ್ತಿಲ್ಲಣ್ಣ, ಮಿಷನ್ ಗಕ್ಕಂತ ನಿಂತೋಯ್ತು. ಕವರ್ ಬಿಚ್ಚಿ ನೋಡಿದ್ರೆ ಒಳಗೆ ಬಿಳೀ ದಾರ ಸುತ್ಕೊಂಡಿತ್ತು. ಎಲ್ಲಿಂದ ಬಂತೋ ಕಸ ಅಂತ ಕಿತ್ತು ಬಿಸಾಕಿ ಮತ್ತೆ ಸ್ಟಾರ್ಟ್ ಮಾಡ್ದೆ."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬ್ಲೇಡಿನಿಂದ ಆ ಹೊಲಿಗೆಯನ್ನು ಬಿಚ್ಚಿ, ಒಳಗಿನಿಂದ ಒಂದು ಎಳೆ ಹಿಡಿದು ಅವರ ಕೈಗೆ ಕೊಟ್ಟು ಎಳೆಯಲು ಹೇಳಿದೆ. ಅದು ಮೊಳ ದಾಟಿ ಮಾರುದ್ದ ಬಂತು. ಅವರು ಎಳೆಯನ್ನು ನೋಡಿದರು, ತಮ್ಮ ಎಡ ತೊಡೆಯನ್ನು ನೋಡಿಕೊಂಡರು, ಏನೂ ಹೇಳದೆ ಮೆಟ್ಟಿಲ ಮೇಲೆ ಕುಳಿತರು. ತಪ್ಪು ನನ್ನದೇ: ಕಟ್ಟಿಕೊಳ್ಳಿ ಎಂದು ಎರಡು ವರ್ಷ ಪೀಡಿಸಿದ್ದೆನೇ ಹೊರತು, ಅದು ಹೇಗೆ ಕೆಲಸ ಮಾಡುತ್ತದೆ, ಹರಿದರೆ ಏನು ಮಾಡಬೇಕು ಎಂಬುದನ್ನು ಒಮ್ಮೆಯೂ ಹೇಳಿರಲಿಲ್ಲ. ಆ ಒಂದು ವಾರ ಅವರು ಹೊಲಿದ ಚ್ಯಾಪ್ಸ್ ಕಟ್ಟಿಕೊಂಡು ಕೆಲಸ ಮಾಡಿದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಒಮ್ಮೆ ಸರಪಳಿ ತಗುಲಿ ಎಳೆ ಹೊರಬಂದ ಚ್ಯಾಪ್ಸನ್ನು ಮತ್ತೆ ಗರಗಸಕ್ಕೆ ಬಳಸುವಂತಿಲ್ಲ. ಎಸೆಯಲು ಮನಸ್ಸು ಬಾರದೆ, ಎರಡೂ ಕಾಲುಗಳ ಮೇಲೆ ಕೆಂಪು ಪೇಂಟಿನಿಂದ ದೊಡ್ಡ ಗುಣಾಕಾರ ಚಿಹ್ನೆ ಬರೆದು, ಕಳೆ ಕೊಚ್ಚುವಾಗ ಸಿಡಿಯುವ ಕಲ್ಲಿನಿಂದ ಮೊಣಕಾಲು ಕಾಯಲು ಇಟ್ಟುಕೊಂಡಿದ್ದೇವೆ. ಈಗ ಅದು ನಿರ್ಭಯವಾಗಿ ಬಚ್ಚಲೊಲೆಯ ಮೇಲಿನ ಗಳದಲ್ಲಿಯೇ ಒಣಗುತ್ತದೆ.

ಹೊಸದನ್ನು ಕೊಳ್ಳುವಾಗ ಅಳತೆ ಅವರದನ್ನೇ ಕೊಟ್ಟೆ. ನನಗೆ ಸ್ವಲ್ಪ ಮೋಟಾಗುತ್ತದೆ, ಇರಲಿ. ದರ್ಜೆ ಈ ಬಾರಿಯೂ 1ನೆಯದೇ, ಏಕೆಂದರೆ ಕಾಫಿಯ ದುಡ್ಡಿನಲ್ಲಿ ಬೋರ್‌ವೆಲ್ಲಿಗೆ ಕೊಟ್ಟು ಉಳಿದದ್ದರಲ್ಲಿ ಅಷ್ಟೇ ಸಾಧ್ಯವಿತ್ತು. ಒಣಗಿಸುವ ಗೋಳು ಹಾಗೆಯೇ ಇದೆ, ಇದನ್ನು ಬರೆಯುವಾಗಲೂ ಪಕ್ಕದ ಕೋಣೆಯಲ್ಲಿ ಫ್ಯಾನ್ ಅದರ ಬೆನ್ನಿಗೆ ತಿರುಗುತ್ತಿದೆ. ಮೊನ್ನೆ ಅವರು ಕಾಲಿನ ಹಿಂಭಾಗವನ್ನೂ ಮುಚ್ಚುವ ಮಾದರಿ ಸಿಗುತ್ತದೆಯೇ ಎಂದು ಕೇಳಿದರು. ಸಿಗುತ್ತದೆ, ಅದು ಸುತ್ತಲೂ ರಕ್ಷಣೆಯಿರುವ ಸಿ ಮಾದರಿಯ ಪ್ಯಾಂಟು ಎಂದು ಹೇಳಿ, ಸರಪಳಿಯ ಭಯ ಈಗಲಾದರೂ ಹತ್ತಿತೆಂದು ಒಳಗೊಳಗೇ ಸಮಾಧಾನಪಟ್ಟೆ. "ಹಾಗಲ್ಲಣ್ಣ, ಇಂಬಳ ಈಗ ಹಿಂದಗಡೆಯಿಂದ ಹತ್ತಕ್ಕೆ ಶುರು ಮಾಡಿದಾವೆ" ಎಂದರು. ಬೆಲೆ ವಿಚಾರಿಸಿ ಇಟ್ಟಿದ್ದೇನೆ.